ಬೆಳಕು ಹಿಡಿಯುವ ಅಕ್ಕ

ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನೋವಿಗೆ ಬೆಳಕಿನ ಚಿಕಿತ್ಸೆ ಕೊಡುವವಳನ್ನು ಎಲ್ಲರೂ ಬೆಳಕಿನ ಅಕ್ಕ ಎನ್ನುತ್ತಿದ್ದರು. ಖಾನಾಪುರದ ಗದ್ದೆಯಲ್ಲಿ ನಮ್ಮ ಕಾಕಾನಿಗೆ ಹಾವು ಕಚ್ಚಿತ್ತು. ವಿಷ ಇಳಿಸುವ ಸೂಜಿಮದ್ದಿನಿಂದ ಜೀವ ಉಳಿದರೂ ಕಾಲಿನ ನೋವು ಬಿಟ್ಟಿರಲಿಲ್ಲ. ಆ ನೋವಿಗೆ ಆಕೆ ದಿನಾ ಬಂದು ಕೆಂಪು ಬೆಳಕಿನ ಯಂತ್ರ ಹಿಡಿಯುತ್ತಿದ್ದಳು. ಮೊದಲು ಕಾಕಾನ ಕಣ್ಣಿಗೆ ಕರಿ ಕನ್ನಡಕ ಏರಿಸಿ, ಅವನ ಹೆಂಡತಿಗೆ, “ಮದುಮಗನಂಗ ಕಾಣ್ತಾರ ನೋಡ್ರಿ ಕಾಕೂ,” ಎನ್ನುತ್ತಿದ್ದಳು.

ಬೆಳಕು ಹೊತ್ತಿದ ಕೂಡಲೇ ಕಾಕಾ ಸಂಜೆಯ ದೀಪಕ್ಕೆ ಮುಗಿಯುವಂತೆ ಕೈ ಮುಗಿಯುತ್ತಿದ್ದ. ಅವನ ನಮಸ್ಕಾರ ಮುಗಿಯುವವರೆಗೂ ಆಕೆ ಯಂತ್ರ ಎತ್ತಿ ಹಿಡಿದು ಕಾಯುತ್ತಿದ್ದಳು. ಆಮೇಲೆ ಎಂದಿನ ಮಾತು: “ಜೀವ ಉಳಿಸಿದ್ದು ಆ ಸೂಜಿ ನೋಡ್ರಿ ಕಾಕಾ. ಇದು ಬರೇ ನೋವಿಗೆ.”

ಒಂದು ದಿನ ಕಾಕೂ ಪೇಟೆಯಿಂದ ಕೆಂಪು ಬಲ್ಬ್ ತಂದು ತೋರಿಸಿದಳು. “ಮನ್ಯಾಗ ಇದನ್ನ ಹಚ್ಚತೇವ್ರಿ. ಮುಂದ ಯಾರಿಗರ ಹಾವು ಕಡದ್ರ ಇಲ್ಲೀತನಕ ಬರೂದು ತಪ್ಪತೈತಿ.”

ಅಕ್ಕನ ನಗು ಹೋಯಿತು. ಯಂತ್ರ ಆರಿಸಿಬಿಟ್ಟಳು. ಕಾಕಾ ಕಾಲು ಚಾಚಿಕೊಂಡೇ ಉಳಿದ.

“ಹಾವು ಕಡದ್ರ ಮೊದಲ ಎಲ್ಲಿ ಹೋಗ್ತೀರಿ?”

“ಆಸ್ಪತ್ರಿಗೆ,” ಎಂದಳು ಕಾಕೂ.

“ಅಲ್ಲಿ ಏನ್ ಮಾಡಿಸ್ಕೋತೀರಿ?”

“ಸೂಜಿ.”

“ಮತ್ತ ಬೆಳಕು?”

“ಜೀವ ಉಳದ ಮ್ಯಾಲ,” ಎಂದು ಕಾಕೂ ಬಲ್ಬನ್ನು ಸೆರಗಿನಡಿ ಸೇರಿಸಿದಳು.

ಅದಾದ ಮೇಲೆಯೇ ಅಕ್ಕ ಯಂತ್ರದ ಗುಂಡಿ ಒತ್ತಿದಳು. ಅಭ್ಯಾಸದಂತೆ ಕಾಕಾನ ಕೈಗಳು ಜೋಡಿಯಾದವು. ಕರಿ ಕನ್ನಡಕದೊಳಗಿಂದ ಆಕೆಯನ್ನೊಮ್ಮೆ ನೋಡಿ, ಆತ ಮುಗಿದ ಕೈಗಳನ್ನು ಮೆಲ್ಲಗೆ ಮೂಲೆಯಲ್ಲಿದ್ದ ಸೂಜಿಮದ್ದಿನ ಫ್ರಿಜ್ಜಿನ ಕಡೆ ತಿರುಗಿಸಿದ. ಆ ನಮಸ್ಕಾರ ಮುಗಿಯುವವರೆಗೂ ಆಕೆ ಕಾದಳು.

“ಹಾಂ, ಈಗ ಕಾಲು ಕೊಡ್ರಿ.”