ಉಗಿಯಂತ್ರಕ್ಕೆ ಹಚ್ಚಿದ ಬಣ್ಣ

ನಮ್ಮ ಪಂಪ್‌ಹೌಸಿನ ಹಿಂದಿನ ಕೋಣೆಯಲ್ಲಿ ಒಂದು ಉಗಿಯಂತ್ರವಿತ್ತು. ಕರೆಂಟು ಬರುವ ಮುಂಚೆ ಬೆಟಗೇರಿಗೆ ನೀರು ಎತ್ತಿದ್ದು ಅದೇ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದರ ಬಾಯ್ಲರು ತಣ್ಣಗಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಪ್ರತಿ ದಸರೆಯ ಖಂಡೇಪೂಜೆಗೆ ಎಣ್ಣೆ ಬಿಟ್ಟು, ನಾಲ್ವರು ಹಾರೆ ಹಾಕಿ, ಆಳೆತ್ತರದ ಅದರ ಗಾಲಿಯನ್ನು ಒಂದು ಸುತ್ತು ತಿರುಗಿಸಿಯೇ ಕಾಯಿ ಒಡೆಯುತ್ತಿದ್ದೆವು. ಎಣ್ಣೆ ಬಿಡುವ ಕೆಲಸ ನನ್ನದು. ಊರಿಗೆ ನೀರು ಬಿಡುವುದೂ ನನ್ನದೇ.

ನೀರು ಬಿಡುವುದೆಂದರೆ ಬೈಸಿಕೊಳ್ಳುವುದು. ಪೈಪು ಎಲ್ಲೋ ಒಡೆಯುತ್ತದೆ, ಹೆಂಗಸರು ಖಾಲಿ ಕೊಡ ಹಿಡಿದು ನನ್ನ ಮನೆ ಮುಂದೆ ನಿಲ್ಲುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿತ್ತು.

ಹೋದ ಬೇಸಿಗೆಯಲ್ಲಿ ಸುದ್ದಿ ಬಂತು. ಯಂತ್ರ ನೋಡಲು ಒಬ್ಬ ಅಧಿಕಾರಿ ಬರುತ್ತಾರೆ. ಗಾಲಿ ಇನ್ನೂ ತಿರುಗಿದರೆ ಇಲ್ಲೇ ಉಳಿಸಿ ಜನರಿಗೆ ತೋರಿಸುತ್ತಾರೆ, ಇಲ್ಲದಿದ್ದರೆ ಗುಜರಿಗೆ. ನಮ್ಮ ಎಂಜಿನಿಯರ್ ನನ್ನ ಮಗನ ವಯಸ್ಸಿನವರು, ಹುರುಪಿನ ಮನುಷ್ಯ. ಹಸಿರು ಬಣ್ಣದ ಡಬ್ಬಿ ತಂದಿಟ್ಟರು.

"ಕಾಕಾರ, ಸಾಹೇಬ್ರು ಬರೂದ್ರಾಗ ಹೊಸಾದ್ರಂಗ ಕಾಣಬೇಕು. ಎಲ್ಲಾದಕ್ಕೂ ಹಚ್ಚಿಬಿಡ್ರಿ."

"ಸರ, ಒಳಗ ಹೊರಗ ಆಡೋ ರಾಡಿಗೆ ಬಣ್ಣ ಹಚ್ಚಬಾರದ್ರಿ. ಅದಕ್ಕ ಎಣ್ಣಿ ಅಷ್ಟ."

"ಅದೊಂದ ಬಿಟ್ರ ಚಂದ ಕಾಣ್ತೈತೇನ್ರಿ?"

ಇನ್ನೊಂದು ಸಲ ಹೇಳಬೇಕಿತ್ತು. ಬೆಳಿಗ್ಗೆಯಿಂದ ಮೂರು ಓಣಿಯ ಬೈಗುಳ ತಿಂದಿದ್ದೆ. ಹಾಳಾಗಿ ಹೋಗಲಿ ಎಂದು ಬ್ರಷ್ ಹಿಡಿದೆ. ರಾಡಿಗೂ ಹಚ್ಚಿದೆ, ಎಣ್ಣೆ ಬಿಡುವ ತೂತುಗಳ ಮೇಲೂ ಬಳಿದೆ.

ಅಧಿಕಾರಿ ಎರಡು ತಿಂಗಳು ತಡವಾಗಿ ಬಂದರು. ದೂರದ ಊರಿನವರು. ಯಂತ್ರದ ಸುತ್ತ ಖುಷಿಯಿಂದ ಓಡಾಡಿ, "ಎಲ್ಲಿ, ಒಂದು ಸುತ್ತು ತಿರುಗಿಸಿ ನೋಡೋಣ" ಎಂದರು. ನಾಲ್ವರು ಹಾರೆ ಹಾಕಿದೆವು, ಆಮೇಲೆ ಆರು ಮಂದಿ. ಗಾಲಿ ಮಿಸುಕಲಿಲ್ಲ. ಬಣ್ಣ ಒಣಗಿ ರಾಡು ಕಚ್ಚಿಕೊಂಡಿತ್ತು.

"ಹಳೇದಾಗಿ ಜಾಮ್ ಆಗೈತ್ರಿ ಸರ," ಎಂದರು ನಮ್ಮ ಎಂಜಿನಿಯರ್. ಪಾಪ, ಅವರು ಹಾಗೆಂದೇ ನಂಬಿದ್ದರು. ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ. ಸೀಮೆಎಣ್ಣೆ, ಒಂದು ಬ್ಲೇಡು, ಎರಡು ದಿನ ಸಿಕ್ಕಿದ್ದರೆ ಬಣ್ಣ ಕೆರೆದು ಗಾಲಿ ತಿರುಗಿಸಿ ತೋರಿಸುತ್ತಿದ್ದೆ.

ಅಧಿಕಾರಿ ನನ್ನತ್ತ ನೋಡಿದರು. "ಯಜಮಾನ್ರೇ, ಇಷ್ಟು ವರ್ಷ ನೋಡಿಕೊಂಡವರು ನೀವು. ನೀವು ಹೇಳಿದ್ದನ್ನೇ ಬರೆದುಕೊಳ್ಳುತ್ತೇನೆ."

ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಯಾವುದೋ ಓಣಿಗೆ ನೀರು ಬಂದಿರಲಿಲ್ಲ. ಇನ್ನು ಕೆರೆಯುವುದು, ತಿಕ್ಕುವುದು, ಬಣ್ಣ ಹಚ್ಚಿದ್ಯಾಕೆಂಬ ಪ್ರಶ್ನೆಗೆ ಉತ್ತರ ಕೊಡುವುದು ಯಾವುದೂ ನನಗೆ ಬೇಡವಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಹೌದ್ರಿ ಸಾಹೇಬ್ರ," ಎಂದುಬಿಟ್ಟೆ, "ಅದರ ಕೆಲಸ ಮುಗದೈತಿ."