ಕೂಗು ಬಿಟ್ಟು ಸಿಂಥಸೈಜರ್ ಹಿಡಿದ ವರ್ಷ

ಹಾರೋಹಳ್ಳಿಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ನಾನು ಪಂಕ್ ಹಾಡುತ್ತಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ದೊಡ್ಡಪ್ಪನ ಮಗ, ನನ್ನ ಅಣ್ಣ, ಬೆಂಗಳೂರಿನ ಫುಟ್‌ಪಾತಿನಿಂದ ತಂದ ಸಿ.ಡಿ.ಗಳಲ್ಲಿ ಆ ಸಂಗೀತ ನನ್ನ ಕಿವಿಗೆ ಬಿದ್ದಿದ್ದು. ಗಿಟಾರಿನಲ್ಲಿ ಮೂರೇ ಮೂರು ಕಾರ್ಡು, ಅಂದರೆ ಸ್ವರಗಳ ಜೋಡಣೆ, ಎರಡು ನಿಮಿಷಕ್ಕೆ ಮುಗಿಯುವ ಹಾಡು, ಗಂಟಲು ಹರಿಯುವಂಥ ಕೂಗು. ರಾಗ ತಾಳ ಕಲಿತಿರಬೇಕಿಲ್ಲ, ಸಿಟ್ಟಿದ್ದರೆ ಸಾಕು. ಅದು ನನ್ನಲ್ಲಿ ಬೇಕಾದಷ್ಟಿತ್ತು.

ಅಣ್ಣ ಗಿಟಾರ್ ಹಿಡಿದ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕೆಲಸದಲ್ಲಿದ್ದ ಅವನ ಗೆಳೆಯ ಡ್ರಮ್ಸಿಗೆ ಕೂತ. ರಾಮನಗರದಲ್ಲಿ ಮುಚ್ಚಿಹೋಗಿದ್ದ ಒಂದು ರೇಷ್ಮೆ ರೀಲಿಂಗ್ ಷೆಡ್ಡು ನಮಗೆ ಸಿಕ್ಕಿತು. ಬೆಂದ ಗೂಡಿನ ವಾಸನೆ ಗೋಡೆಯಿಂದ ಇನ್ನೂ ಹೋಗಿರಲಿಲ್ಲ. ಭಾನುವಾರ ಅಲ್ಲಿ ಸೇರಿ ಕೂಗುತ್ತಿದ್ದೆವು. ಕೈ ಮಾಡಿದರೂ ನಿಲ್ಲಿಸದ ಬಸ್ಸಿನ ಮೇಲೊಂದು ಹಾಡು. ಪಾಯಿಖಾನೆಗೆ ಹೋದರೂ ಗಡಿಯಾರ ನೋಡುವ ನಮ್ಮ ಸೂಪರ್‌ವೈಸರ್ ಮೇಲೆ ಇನ್ನೊಂದು.

"ಅದ್ಯಾಕವ್ವಾ, ದೆವ್ವ ಹಿಡ್ದೋಳಂಗೆ ಅರಚ್ಕತೀಯ?" ಎಂದು ಅವ್ವ ಕೇಳುತ್ತಿದ್ದಳು. ಕೂಗದಿದ್ದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ಸಲ ಕನಕಪುರದ ಕಾಲೇಜೊಂದರಲ್ಲಿ ಸೂಪರ್‌ವೈಸರ್ ಹಾಡು ಹೇಳುತ್ತಿದ್ದೆ. ಹುಡುಗರು ಎಗರಿ ಎಗರಿ ಕುಣಿಯುತ್ತಿದ್ದರು. ಇದ್ದಕ್ಕಿದ್ದಂತೆ ನನಗೆ ಅರಿವಾಯಿತು: ನನ್ನ ಬಾಯಿ ಕಿರುಚುತ್ತಿದೆ, ತಲೆ ಮಾತ್ರ ನಾಳೆ ಬುತ್ತಿಗೆ ಏನು ಕಟ್ಟಲಿ ಅಂತ ಯೋಚಿಸುತ್ತಿದೆ. ಕಾರ್ಖಾನೆಯಲ್ಲಿ ಮೆಷಿನ್ನುಗಳ ಸದ್ದನ್ನು ಮೀರಿ ಹಗಲೆಲ್ಲ ಕೂಗಿಯೇ ಮಾತಾಡುತ್ತಿದ್ದೆವು. ಹಾಡುವುದೂ ಅದೇ ಆಗಿಹೋಗಿತ್ತು. ಅವತ್ತಿನಿಂದ ಷೆಡ್ಡಿಗೆ ಹೋದರೆ ಯಾವಾಗ ಮನೆಗೆ ಹೋಗುತ್ತೇನೋ ಅನ್ನಿಸುವುದು, ಮನೆಗೆ ಬಂದರೆ ಷೆಡ್ಡಿನ ಧ್ಯಾನ.

ಅಷ್ಟರಲ್ಲಿ ನಮ್ಮ ಮೈಕು ಕೆಟ್ಟಿತು. ಎರವಲು ಕೇಳಲು ಕನಕಪುರದಲ್ಲಿ ಆರ್ಕೆಸ್ಟ್ರಾಗೆ ಕೀಬೋರ್ಡ್ ನುಡಿಸುವ ಹಿರಿಯರೊಬ್ಬರ ಮನೆಗೆ ಹೋದೆ. ನಡುಮನೆಯ ಮೂಲೆಯಲ್ಲಿ ಒಂದು ಹಳೆಯ ಸಿಂಥಸೈಜರ್ ಇತ್ತು, ಕರೆಂಟಿನಿಂದ ಬಗೆಬಗೆಯ ಸದ್ದು ಹುಟ್ಟಿಸುವ ಕೀಬೋರ್ಡು. ನಾನು ಅದನ್ನೇ ನೋಡುತ್ತಿದ್ದೆ.

"ಮುಟ್ಟವ್ವ, ಕಚ್ಚಲ್ಲ" ಎಂದರು.

ಒತ್ತಿದೆ. ಗಿಟಾರಿನ ಸದ್ದು ಮೀಟಿದ ಕೂಡಲೇ ಸಾಯಲು ಶುರು. ಇದು ಬೆರಳಿಟ್ಟಷ್ಟು ಹೊತ್ತೂ ನಿಂತೇ ಇತ್ತು. ತಿರುಪು ತಿರುಗಿಸಿದರೆ ಸಣ್ಣಗಾಯಿತು, ಮತ್ತೆ ಇಡೀ ಮನೆ ತುಂಬಿತು. ಅದರ ಮೇಲೆ ಮೆಲ್ಲಗೆ ಬಸ್ಸಿನ ಹಾಡು ಹೇಳಿದೆ. ಕೂಗಬೇಕು ಅನ್ನಿಸಲೇ ಇಲ್ಲ.

"ಈ ಗಂಟ್ಲ ಇಷ್ಟ್ ದಿನ ಎಲ್ ಮಡಗಿದ್ದೆ?" ಎಂದು ಕೇಳಿದರು ಅವರು. ಆಮೇಲೆ, "ನಂಗೆ ಹೊಸ್ದು ಬಂದೈತೆ. ಇದು ಸುಮ್ನೆ ಧೂಳು ಕುಡೀತೈತೆ. ತಗಂಡೋಗು."

ಸೀರೆಯಲ್ಲಿ ಸುತ್ತಿ ಬಸ್ಸಿಗೇರಿಸಿದೆ. "ಮಂಚದ ಕಾಲಾ?" ಎಂದ ಕಂಡಕ್ಟರ್.

ಅಣ್ಣನಿಗೆ ಹೇಳಲು ಹೆದರಿದ್ದೆ. ಅವನು ಕೇಳಿ, "ಹಿಂಗೂ ಐತೆ ಕಣೆ. ನ್ಯೂ ವೇವ್ ಅಂತಾರೆ. ಪಂಕ್ ಕೂಗ್ತಿದ್ದೋರೆ ಆಮೇಕೆ ಸಿಂಥಸೈಜರ್ ಇಟ್ಕಂಡು ಹಾಡವ್ರೆ" ಎಂದು ಮುಂದಿನ ವಾರ ಅಂಥ ಸಿ.ಡಿ.ಗಳನ್ನೇ ಹುಡುಕಿ ತಂದ. ಒಪ್ಪದೇ ಹೋದವನು ಡ್ರಮ್ಸಿನವನು.

"ನಾನ್ಯಾಕಮ್ಮಿ ಬೇಕು? ಅದ್ರೊಳ್ಗೇ ಡ್ರಮ್ ಐತಲ್ಲ" ಎಂದ.

"ಅದನ್ನ ನಾನು ಒತ್ತಲ್ಲ. ನೀನೇ ಬಾರ್ಸು."

"ಅದಲ್ಲ ಕಣಮ್ಮಿ. ನಮ್ ಸಿಟ್ಟು ಎಲ್ ಹೋಯ್ತು? ಸೂಪರ್‌ವೈಸರ್ ಒಳ್ಳೇವ್ನಾಗ್ಬುಟ್ನಾ?"

ಸೂಪರ್‌ವೈಸರ್ ಹಾಡನ್ನು ಹೊಸ ರೀತಿಯಲ್ಲಿ ಹಾಡಿದೆ. ಅವನು ಅರ್ಧಕ್ಕೇ ಎದ್ದು, ಕೋಲುಗಳನ್ನು ಚೀಲಕ್ಕೆ ತುರುಕಿ, ಬೈಕ್ ಹತ್ತಿ ಹೋದ.

ಮಾಗಡಿಯ ರಾಜ್ಯೋತ್ಸವಕ್ಕೆ ಅವನಿಲ್ಲದೆ ಹೋದೆವು. ತಾಳಕ್ಕೆ ಯಂತ್ರವನ್ನೇ ಒತ್ತಬೇಕಾಯಿತು. ಒತ್ತಲ್ಲ ಎಂದ ಮಾತು ತಪ್ಪಿ ನನಗೆ ಅವಮಾನವಾದಂತಿತ್ತು. ವೋಲ್ಟೇಜ್ ಇಳಿದು ಸಿಂಥಸೈಜರ್ ನಡುವೆ ಆರಿಹೋಯಿತು. "ಪಿಚ್ಚರ್ ಹಾಡು ಹೇಳವ್ವ!" ಎಂದು ಯಾರೋ ಕೂಗಿದರು. ಮತ್ತೆ ಕರೆಂಟು ಬಂದಾಗ ಸೂಪರ್‌ವೈಸರ್ ಹಾಡು ಎತ್ತಿಕೊಂಡೆ. ಕುದೂರು ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮುಂದೆ ಕೂತಿದ್ದರು. ಮೊದಲ ಸಾಲಿಗೇ ಒಬ್ಬಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಎಲ್ಲರೂ. ಕೊನೆಗೆ, "ಅಕ್ಕಾ, ಆ ಗಡಿಯಾರದ ಹಾಡು ಇನ್ನೊಂದ್ಸಲ" ಎಂದು ಕೇಳಿದರು. ಇಷ್ಟು ದಿನ ನನ್ನ ಕೂಗಿನಲ್ಲಿ ಒಂದು ಪದವೂ ಯಾರಿಗೂ ತಿಳಿದಿರಲಿಲ್ಲವೆಂದು ಆಗ ಗೊತ್ತಾಯಿತು.

ಪದ ತಿಳಿದ ಮೇಲೆ ಸುದ್ದಿ ನಿಲ್ಲುತ್ತದೆಯೇ? ವಾರ ಕಳೆಯುವುದರೊಳಗೆ ಸೂಪರ್‌ವೈಸರ್ ಕರೆದ.

"ನನ್ ಮೇಲೆ ಹಾಡು ಕಟ್ಟಿದ್ದೀಯಂತೆ?"

"ಹೂಂ, ಸಾರ್" ಎಂದೆ. ಇಲ್ಲ ಅನ್ನಬಹುದಿತ್ತು. ಬಾಯಿ ಬರಲಿಲ್ಲ.

ಕಂಟ್ರಾಕ್ಟ್ ಕೆಲಸ. ನಾಳೆಯಿಂದ ಬರಬೇಡ ಎಂಬ ಒಂದೇ ಮಾತಿಗೆ ಮುಗಿಯಿತು. ಬಸ್‌ಸ್ಟಾಪಿಗೆ ಬರುವ ಹೊತ್ತಿಗೆ ಒಳಗೊಳಗೇ ನಗು ಬರುತ್ತಿತ್ತು. ವರ್ಷಗಟ್ಟಲೆ ಕಿರುಚಿದರೂ ಅವನಿಗೆ ತಾಕದಿದ್ದದ್ದು ಮೆಲ್ಲಗೆ ಹೇಳಿದಾಗ ತಾಕಿತ್ತು.

ಸುದ್ದಿ ತಿಳಿದು ಡ್ರಮ್ಸಿನವನು ಮನೆಗೇ ಬಂದ. ಅವ್ವ ಕೊಟ್ಟ ಕಾಫಿ ಕುಡಿದು, ತಲೆ ತಗ್ಗಿಸಿಕೊಂಡೇ, "ಕೆಲ್ಸ ಕಳ್ಕಂಡ್ಯಂತಲ್ಲಮ್ಮಿ" ಎಂದ. ಲೋಟ ಕೆಳಗಿಟ್ಟು, "ಆ ಮಿಸೀನ್ ಸದ್ದು ನಂಗೆ ಈಗ್ಲೂ ಹಿಡ್ಸಲ್ಲ. ಆ ಹಾಡ್ಗೆ ಮಾತ್ರ ಬಾರಿಸ್ತೀನಿ."

ಹೇಳಿದಂತೆಯೇ ನಡೆದುಕೊಂಡ. ಆಮೇಲೆ ನಾನು ಬಿಡದಿ ಕಡೆ ಬೇರೆ ಕಾರ್ಖಾನೆ ಸೇರಿದೆ, ತಂಡವೂ ಕೆಲವು ವರ್ಷ ನಡೆಯಿತು. ಅವನು ಸೂಪರ್‌ವೈಸರ್ ಹಾಡಿಗೆ ಬಂದು ಜೀವ ತುಂಬಿ ಬಾರಿಸುತ್ತಿದ್ದ. ಉಳಿದ ಹಾಡುಗಳಿಗೆ ನಾನು ಯಂತ್ರದ ತಾಳ ಒತ್ತಿದ ಕೂಡಲೇ ವೇದಿಕೆ ಇಳಿದು ಹೊರಗೆ ನಿಂತು ಬೀಡಿ ಸೇದುತ್ತಿದ್ದ.