ಮುರಿಯದ ಕೈಗೆ ದಬ್ಬೆ

ಸೋಲುವ ತಂಡಗಳ ಬಗ್ಗೆ ನನ್ನಷ್ಟು ಮಾತಾಡಿದವನು ಕಂಬಂ ಕಣಿವೆಯಲ್ಲಿ ಇನ್ನೊಬ್ಬ ಇದ್ದಿರಲಾರ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹಿಂದಿನ ಶತಮಾನದ ಆ ಕೊನೆಯ ವರ್ಷಗಳಲ್ಲಿ ನಮ್ಮ ಕಡೆ ಕ್ರಿಕೆಟ್ ಎಂದರೆ ಏನೆಂದು ತಿಳಿದವರೇ ಇಪ್ಪತ್ತು ಮೂವತ್ತು ಮಂದಿ. ಅವರಲ್ಲಿ ಅರ್ಧ ಜನ ಬಿಳಿಯ ದೊರೆಗಳು. ಉಳಿದರ್ಧ ಜನಕ್ಕೆ ನನ್ನ ಮಾತು ಕೇಳದೆ ಬೇರೆ ದಾರಿ ಇರಲಿಲ್ಲ.

ಆಗ ಪಡುವಣ ಬೆಟ್ಟದ ಮೇಲೆ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಬೆಟ್ಟದ ಬುಡದ ಉಗ್ರಾಣದಲ್ಲಿ ನಾನು ಬರಹಗಾರ. ಮೇಲಕ್ಕೆ ಹೋದ ಸುಣ್ಣದ ಮೂಟೆ, ಕೆಳಕ್ಕೆ ಬಂದ ಮುರುಕು ಗುದ್ದಲಿ, ಇವನ್ನು ಬರೆದುಕೊಳ್ಳುವುದು ನನ್ನ ಕೆಲಸ. ಊರು ಮಾರ್ಕಯನ್‌ಕೋಟ್ಟೈ. ನಮ್ಮವರು ಹಿಂದೆಂದೋ ಕನ್ನಡ ನಾಡಿನಿಂದ ಬಂದು ಈ ತಮಿಳು ಸೀಮೆಯಲ್ಲಿ ನೆಲೆಸಿದವರು; ಮನೆಯಲ್ಲಿ ಆಡುವುದು ಕನ್ನಡ, ಓದಿದ್ದು ತಮಿಳು ಮತ್ತು ಒಂದಿಷ್ಟು ಇಂಗ್ಲಿಷು. ಕನ್ನಡದ ಅಕ್ಷರ ಕಲಿಸಿದವರು ಅಲ್ಲೇ ಕೆಲಸಕ್ಕಿದ್ದ ಮೈಸೂರಿನ ಮೇಸ್ತ್ರಿಯೊಬ್ಬರು. ನಮ್ಮ ಮನೆ ಮಾತು ಕೇಳಿದಾಗಲೆಲ್ಲ ಅವರು ನಗುತ್ತಿದ್ದರು, ಆಮೇಲೆ ಪಾಪ ಅನ್ನಿಸಿ ಇನ್ನೆರಡು ಅಕ್ಷರ ಹೇಳಿಕೊಡುತ್ತಿದ್ದರು.

ಎಂಜಿನಿಯರ್ ದೊರೆಯ ಬಂಗಲೆಗೆ ಮದರಾಸಿನ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ದೊರೆ ಓದಿ, ಅಡಿಗೆಯವನು ಅದರಲ್ಲಿ ಮೊಟ್ಟೆ ಸುತ್ತಿಟ್ಟು, ಮೊಟ್ಟೆ ಮುಗಿದ ಮೇಲೆ ನನ್ನ ಕೈಗೆ ಕೊಡುವಷ್ಟರಲ್ಲಿ ತಿಂಗಳು ಕಳೆದಿರುತ್ತಿತ್ತು. ಆ ಪತ್ರಿಕೆಗಳಿಂದಲೇ ನಾನು ಲೋಕದ ತಂಡಗಳ ಯಜಮಾನಿಕೆ ಮಾಡುತ್ತಿದ್ದೆ. ಆಫ್ರಿಕದ ದಕ್ಷಿಣ ತುದಿಯ ತಂಡ ಆಗ ಇಂಗ್ಲೆಂಡಿನವರ ಕೈಲಿ ಮೇಲಿಂದ ಮೇಲೆ ಪೆಟ್ಟು ತಿನ್ನುತ್ತಿತ್ತು. ನಾನು ಸುಣ್ಣದ ಮೂಟೆಯ ಮೇಲೆ ಕೂತು ತೀರ್ಪು ಕೊಡುತ್ತಿದ್ದೆ: ಅವರಿಗೆ ಆಟ ಬರದೆ ಅಲ್ಲ, ಅವರಿಗೆ ಕಲಿಸುವವರು ಸರಿಯಿಲ್ಲ. ಅಲ್ಲಿ ಚಾಪೆ ಹಾಸಿದ ನೆಲದ ಮೇಲೆ ಆಡುತ್ತಾರಂತೆ. ಹುಲ್ಲು ನೆಲದವರ ಆಟವನ್ನು ಚಾಪೆಯವರಿಗೆ ಹೇಳಿಕೊಟ್ಟರೆ ಸೋಲದೆ ಇನ್ನೇನು? ಮುಂದೆ ಅದೇ ಇಂಗ್ಲೆಂಡಿನವರು ಆಸ್ಟ್ರೇಲಿಯಕ್ಕೆ ಹೋಗಿ ಸೋತಾಗ, ಹಡಗಿಂದ ಇಳಿದವರಿಗೆ ಆ ಬಿಸಿಲು ಅಭ್ಯಾಸ ಆಗುವ ತನಕ ಕೈಗೆ ಚೆಂಡು ಕೊಡಬಾರದಿತ್ತು ಎಂದೆ. ಅವರವರ ನೆಲ ಅವರವರಿಗೆ ಏನು ಕಲಿಸಿದೆಯೋ ಅದನ್ನು ಕೆಡಿಸಬಾರದು, ಇದು ನನ್ನ ಸಿದ್ಧಾಂತ. ಮೂಟೆ ಹೊರುವವರು ತಲೆ ಆಡಿಸುತ್ತಿದ್ದರು. ಹೊತ್ತ ಮೂಟೆಯ ಭಾರಕ್ಕೂ ತಲೆ ಹಾಗೇ ಆಡುತ್ತದೆ.

ನಮ್ಮದೂ ಒಂದು ತಂಡ ಇತ್ತು. ಕಚೇರಿಯ ಗುಮಾಸ್ತರು, ಉಗ್ರಾಣದವರು, ದಿಂಡಿಗಲ್ಲಿನ ಇಬ್ಬರು ಮೇಷ್ಟ್ರುಗಳು. ವರ್ಷಕ್ಕೊಮ್ಮೆ ದಿಂಡಿಗಲ್ಲಿನ ಬಂಡೆಯ ಕೆಳಗಿನ ಬಯಲಲ್ಲಿ ದೊರೆಗಳ ಜೊತೆ ಪಂದ್ಯ. ಬೋಡಿಮೆಟ್ಟಿನ ತೋಟದ ದೊರೆಗಳು ಕುದುರೆಯ ಮೇಲೆ ಇಳಿದು ಬರುತ್ತಿದ್ದರು. ನಾವು ಎರಡು ದಿನ ಮೊದಲೇ ಎತ್ತಿನ ಗಾಡಿ ಕಟ್ಟಬೇಕಿತ್ತು. ರನ್ನು ಬರೆಯುವ ಹಲಗೆಯ ಮೇಲೆ ಯಾರೋ ದೊರೆ ತಮಾಷೆಗೆ ಒಂದು ಕಡೆ ಇಂಗ್ಲೆಂಡ್, ಇನ್ನೊಂದು ಕಡೆ ಇಂಡಿಯಾ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದ. ಅದು ಹಾಗೇ ರೂಢಿಯಾಯಿತು. ಹೀಗೆ ಪ್ರತಿವರ್ಷ ಊಟದ ಹೊತ್ತಿಗೆಲ್ಲ ಸೋಲುತ್ತಿದ್ದ ಇಂಡಿಯಾ ಎಂದರೆ ನಾವು ಹನ್ನೊಂದು ಜನ.

ನಮಗೆ ಆಟ ಹೇಳಿಕೊಡುತ್ತಿದ್ದವರು ಮದರಾಸಿನಿಂದ ಬಂದಿದ್ದ ಹೆಡ್ ಗುಮಾಸ್ತರು. ಒಳ್ಳೆಯ ಮನುಷ್ಯ, ಕೆಟ್ಟ ಮಾತು ಆಡಿದವರಲ್ಲ. ಅವರ ಹತ್ತಿರ ಇಂಗ್ಲಿಷರ ಸೀಮೆಯಿಂದ ತರಿಸಿದ ಚಿತ್ರದ ಪುಸ್ತಕ ಇತ್ತು. ಚಿತ್ರದಲ್ಲಿರುವಂತೆ ನಿಲ್ಲಿಸಿ, ಮೊಣಕಾಲಿಗೆ ಬೆತ್ತ ತಾಗಿಸಿ ಸರಿಮಾಡುತ್ತಿದ್ದರು. ನಾವು ಚಿತ್ರದಂತೆ ನಿಂತು ಚಿತ್ರದಂತೆಯೇ ಔಟಾಗುತ್ತಿದ್ದೆವು.

ನನ್ನ ತಮ್ಮನನ್ನು ತಂಡಕ್ಕೆ ತಂದವನು ನಾನು. ನನಗಿಂತ ನಾಲ್ಕು ವರ್ಷ ಚಿಕ್ಕವನು, ಆಗಲೇ ಮದುವೆಯಾಗಿ ಒಂದು ಮಗುವಿನ ತಂದೆ. ಅವನಿಗೆ ಓದು ಹತ್ತಲಿಲ್ಲ, ಹೊಲ ಹತ್ತಿತು. ಜೋಳ ಹಾಲುಗಾಳಾದಾಗ ಬೆಟ್ಟದಿಂದ ಗಿಳಿಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಎಲ್ಲರೂ ಅಟ್ಟಣೆ ಹತ್ತಿ ಕವಣೆ ಬೀಸುತ್ತಾರೆ. ಅವನಿಗೆ ಕವಣೆ ಬೇಕಿರಲಿಲ್ಲ. ಬರಿಗೈಲಿ ಕಲ್ಲು ಎಸೆಯುತ್ತಿದ್ದ. ಗಿಳಿಗೆ ತಾಗಿಸುತ್ತಿರಲಿಲ್ಲ; ಗಿಳಿ ಕೂತ ತೆನೆಯ ಕೆಳಗೆ, ದಂಟಿಗೆ ಸರಿಯಾಗಿ ಹೊಡೆಯುತ್ತಿದ್ದ. ದಂಟು ಅದುರಿದರೆ ಇಡೀ ಹಿಂಡು ಎದ್ದು ಪಕ್ಕದೂರಿನ ಹೊಲಕ್ಕೆ ಹೋಗುತ್ತಿತ್ತು. ಅದಕ್ಕಾಗಿ ಪಕ್ಕದೂರಿನವರು ಅವನನ್ನು ಬೈಯುತ್ತಿದ್ದರು, ನಮ್ಮೂರಿನವರು ತಮ್ಮ ಹೊಲಕ್ಕೂ ಒಂದು ಗಳಿಗೆ ಬಾ ಎಂದು ಕರೆಯುತ್ತಿದ್ದರು. ಊರಲ್ಲಿ ಅವನಿಗೆ ಇದ್ದ ಮರ್ಯಾದೆ ಅದೊಂದೇ, ಅದು ಅವನಿಗೆ ಸಾಕಾಗಿತ್ತು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ನಾನು ಬದುವಿನ ಮೇಲೆ ಕೂತು ನೋಡುತ್ತಿದ್ದೆ.

ಮೊದಲ ವರ್ಷ ದಿಂಡಿಗಲ್ಲಿನಲ್ಲಿ ಅವನ ಕೈಗೆ ಚೆಂಡು ಕೊಟ್ಟೆವು. ಆಗ ಓವರಿಗೆ ಐದೇ ಚೆಂಡು. ಆ ಐದರಲ್ಲಿ ಇಬ್ಬರು ದೊರೆಗಳ ನಡುಸ್ಟಂಪು ಹಾರಿತು. ಎರಡನೆಯ ಓವರಿನಲ್ಲಿ ಇನ್ನೊಬ್ಬ. ಆಗ ಅಂಪೈರು ದೊರೆ ಬಹಳ ಸಭ್ಯವಾಗಿ ನಮ್ಮ ಹೆಡ್ ಗುಮಾಸ್ತರನ್ನು ಹತ್ತಿರ ಕರೆದು, ಇವನು ಚೆಂಡು ಹಾಕುತ್ತಿಲ್ಲ, ಎಸೆಯುತ್ತಿದ್ದಾನೆ, ಮೊಣಕೈ ಬಾಗುತ್ತಿದೆ, ಆಟದ ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ ಎಂದ. ಅಲ್ಲಿಂದ ಮುಂದೆ ತಮ್ಮ ಹಾಕಿದ್ದೆಲ್ಲ ನೋಬಾಲು. ಕಾನೂನು ಸರಿಯಾಗಿಯೇ ಇತ್ತು. ಆ ವರ್ಷವೂ ಇಂಡಿಯಾ ಸೋತಿತು.

ತಮ್ಮನಿಗೆ ಬೇಸರವೇನೂ ಆಗಲಿಲ್ಲ. ಊರಿಗೆ ಹೋಗುತ್ತೇನೆ, ಕಳೆ ಕೀಳುವುದಿದೆ ಎಂದ. ಬೇಸರವಾದದ್ದು ನನಗೆ. ಆ ಮೂರು ಸ್ಟಂಪು ಹಾರಿದ ಸದ್ದು ನನ್ನ ಕಿವಿಯಿಂದ ಹೋಗಲಿಲ್ಲ. ಹೆಡ್ ಗುಮಾಸ್ತರು ಒಂದು ಉಪಾಯ ಹೇಳಿದರು. ಮೊಣಕೈ ಬಾಗದಂತೆ ಬಿದಿರಿನ ದಬ್ಬೆ ಕಟ್ಟಿ ಆರು ತಿಂಗಳು ಅಭ್ಯಾಸ ಮಾಡಿಸಿದರೆ ಕೈ ತಾನಾಗಿ ನೆಟ್ಟಗಾಗುತ್ತದೆ, ಆಮೇಲೆ ಅವನನ್ನು ಹಿಡಿಯುವವರಿಲ್ಲ. ಸುಣ್ಣದ ಮೂಟೆಯ ಮೇಲಿನ ನನ್ನ ಸಿದ್ಧಾಂತ ಆ ದಿನ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ನನಗೆ ಆ ಮಾತು ತಕ್ಷಣ ಒಪ್ಪಿಗೆಯಾಯಿತು. ತಮ್ಮನನ್ನು ಉಗ್ರಾಣದ ಕೂಲಿಗೆ ಸೇರಿಸಿ ನನ್ನ ಜೊತೆಯಲ್ಲೇ ಇಟ್ಟುಕೊಂಡೆ.

ದಬ್ಬೆ ಸೀಳಿದವನು ನಾನು. ಅಮ್ಮನ ಹಳೆಯ ಚಿನ್ನಾಳಪಟ್ಟಿ ಸೀರೆಯ ಅಂಚನ್ನು ಹರಿದು ಪಟ್ಟಿ ಮಾಡಿದವನೂ ನಾನು. ದಿನಾ ಬೆಳಿಗ್ಗೆ ಅವನು ಕೈ ಚಾಚುತ್ತಿದ್ದ, ನಾನು ಭುಜದ ಕೆಳಗಿಂದ ಮಣಿಕಟ್ಟಿನ ತನಕ ಬಿಗಿಯುತ್ತಿದ್ದೆ. ಹಾಗೇ ಮೂಟೆ ಎಣಿಸುತ್ತಿದ್ದ, ಹಾಗೇ ಎಡಗೈಲಿ ಉಣ್ಣುತ್ತಿದ್ದ. ಎಡಗೈಲಿ ಉಣ್ಣುವವನ ಪಕ್ಕ ಯಾರೂ ಕೂರರು. ಅವನು ಎಲೆ ಎತ್ತಿಕೊಂಡು ಬಾಗಿಲಾಚೆ ಹೋಗುತ್ತಿದ್ದ. ಸಂಜೆ ಬಿಚ್ಚಿದಾಗ ಕೈ ಮರಗಟ್ಟಿರುತ್ತಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ನೋವಾ ಎಂದರೆ ಇಲ್ಲ, ಏನೂ ಗೊತ್ತಾಗಲ್ಲ ಎನ್ನುತ್ತಿದ್ದ. ಅದನ್ನು ನಾನು ಒಳ್ಳೆಯ ಲಕ್ಷಣ ಎಂದುಕೊಂಡೆ.

ಹಬ್ಬಕ್ಕೆ ಊರಿಗೆ ಹೋದಾಗ ಅವನ ಕೈ ನೋಡಿ ಕೇರಿಯವರೆಲ್ಲ ಮರದಿಂದ ಬಿದ್ದನೆಂದೇ ತಿಳಿದರು. ಮೂಳೆ ಕೂಡಲು ಮೊಟ್ಟೆಯ ಬಿಳಿ ಮತ್ತು ಉದ್ದಿನ ಹಿಟ್ಟು ಕಲಸಿ ಹಚ್ಚುವುದು ನಮ್ಮಲ್ಲಿ ಪದ್ಧತಿ. ಒಬ್ಬೊಬ್ಬರೇ ಮಡಿಲಲ್ಲಿ ಮೊಟ್ಟೆ ಇಟ್ಟುಕೊಂಡು ವಿಚಾರಿಸಲು ಬಂದರು. ಮುರಿದಿಲ್ಲ, ಆಟಕ್ಕಾಗಿ ಕಟ್ಟಿದ್ದು ಎಂದು ನಾನು ಹೇಳಿದರೆ ಮುಖಮುಖ ನೋಡಿಕೊಂಡು, ಮೊಟ್ಟೆ ಇಟ್ಟೇ ಹೋದರು. ಎಲ್ಲರೂ ಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿದರು.

"ಮುರೀದ ಕೈಗೆ ಯಾಕಡಾ ದಬ್ಬೆ?" ಎಂದರು. "ತಂಬಿರಾನ್ ದೊಡ್ಡೀಲಿ ಪಟ್ಟದ ಎತ್ತಿಗೆ ಯಾರಾನಾ ನಡೆ ಕಲಿಸ್ತಾರಾ?"

ತಂಬಿರಾನ್ ದೊಡ್ಡಿ ಎಂದರೆ ಕಂಬಂ ಊರಲ್ಲಿ ನಮ್ಮವರು ದೇವರ ಹೆಸರಲ್ಲಿ ಸಾಕುವ ದನಗಳ ಹಿಂಡು. ಅದರ ಮುಂದಾಳು ಎತ್ತನ್ನು ಮನುಷ್ಯರು ಆರಿಸುವುದಿಲ್ಲ. ಕಬ್ಬಿನ ಕಟ್ಟು ಇಟ್ಟು ಕಾಯುತ್ತಾರೆ, ತಾನಾಗಿ ಬಂದು ಮೊದಲು ಬಾಯಿ ಹಾಕಿದ್ದಕ್ಕೆ ಪಟ್ಟ. ಅದನ್ನು ಯಾರೂ ನೊಗಕ್ಕೆ ಹೂಡುವುದಿಲ್ಲ, ಪಳಗಿಸುವುದಿಲ್ಲ. ಅಪ್ಪನಿಗೆ ಕ್ರಿಕೆಟ್ಟಿನ ಕಾನೂನು ತಿಳಿಯದು ಎಂದುಕೊಂಡೆ.

ಮರುವರ್ಷದ ಪಂದ್ಯದ ದಿನ ಬೆಳಿಗ್ಗೆ ಗಾಡಿಯ ಹಿಂದೆ ನಿಂತು ದಬ್ಬೆ ಬಿಚ್ಚಿದೆ. ಕೈ ನೆಟ್ಟಗೇ ಇತ್ತು. ತಮ್ಮ ಓಡಿ ಬಂದ, ಕೈ ಎತ್ತಿದ, ಪುಸ್ತಕದ ಚಿತ್ರದ ಹಾಗೆಯೇ ಇಳಿಸಿದ. ಅಂಪೈರು ದೊರೆ ಮೆಚ್ಚಿ ತಲೆಯಾಡಿಸಿದ. ಚೆಂಡು ನಡುವೆ ಬಿದ್ದು ಮೆಲ್ಲಗೆ ಉರುಳಿ ಹೋಯಿತು. ಎರಡನೆಯದು ಅವನ ಕಾಲ ಬುಡದಲ್ಲೇ ಬಿತ್ತು. ಆಮೇಲಿನ ಮೂರನ್ನು ತೋಟದ ದೊರೆಯೊಬ್ಬ ಬಂಡೆಯ ಕಡೆಗೆ ಬಾರಿಸಿದ. ಒಂದೂ ನೋಬಾಲು ಇರಲಿಲ್ಲ. ಹೆಡ್ ಗುಮಾಸ್ತರು ನನ್ನ ಹೆಗಲ ಮೇಲೆ ಕೈಯಿಟ್ಟು, ಶಿಸ್ತು ಬಂದಿದೆ, ಇನ್ನು ಗೆಲುವೊಂದು ಬರಬೇಕು ಎಂದರು. ನಾನು ಹೌದು ಎಂದೆ.

ನನ್ನ ತಮ್ಮ ಉಗ್ರಾಣ ಬಿಟ್ಟು ಊರಿಗೆ ಹೋದ. ಸ್ವಲ್ಪ ದಿನಕ್ಕೆ ಅಣೆಕಟ್ಟೂ ಮುಗಿಯಿತು, ಹೆಡ್ ಗುಮಾಸ್ತರಿಗೆ ವರ್ಗವಾಯಿತು. ಪುಸ್ತಕವನ್ನು ನೆನಪಿಗಿರಲಿ ಎಂದು ನನಗೆ ಕೊಟ್ಟರು. ನಾನು ದಿಂಡಿಗಲ್ಲಿನ ಒಂದು ಕಚೇರಿ ಸೇರಿಕೊಂಡೆ. ಜೋಳದ ಕಾಲಕ್ಕೆ ಅಮ್ಮ ಹೇಳಿಕಳಿಸಿದಳು, ಬಂದು ಹೋಗು ಎಂದು. ಯಾಕೆಂದು ಹೇಳಿರಲಿಲ್ಲ.

ಹೊಲಕ್ಕೆ ಹೋಗುವ ದಾರಿಯಲ್ಲೇ ಸೀಮೆಎಣ್ಣೆ ಡಬ್ಬದ ಸದ್ದು ಕೇಳಿತು. ಅಟ್ಟಣೆಯ ಮೇಲೆ ತಮ್ಮ ಡಬ್ಬ ಬಡಿಯುತ್ತಿದ್ದ. ಗಿಳಿಗಳು ಎದ್ದು, ಎರಡು ಸಾಲು ಆಚೆ ಮತ್ತೆ ಕೂರುತ್ತಿದ್ದವು. ಡಬ್ಬದ ಸದ್ದಿಗೆ ಗಿಳಿ ಎರಡೇ ದಿನಕ್ಕೆ ಒಗ್ಗಿಕೊಳ್ಳುತ್ತದೆ, ನಮ್ಮೂರಿನ ಹಸುಗೂಸಿಗೂ ಗೊತ್ತು. ಅರ್ಧಕ್ಕರ್ಧ ತೆನೆ ಬರೀ ಸಿಪ್ಪೆಯಾಗಿತ್ತು. ಅಪ್ಪ ಬದುವಿನ ಮೇಲೆ ಕವಣೆ ಹಿಡಿದು ನಿಂತಿದ್ದರು, ನನ್ನನ್ನು ನೋಡಿ ಆಚೆ ಮೂಲೆಗೆ ಹೋದರು. ನಾನು ಅಟ್ಟಣೆ ಹತ್ತಿದೆ.

ಕಲ್ಲು ಎಸೆಯುತ್ತಿಲ್ಲವೇಕೆ ಎಂದು ಕೇಳಿದೆ. ಅವನು ಪಕ್ಕದ ರಾಶಿಯಿಂದ ಒಂದು ಕಲ್ಲು ತೆಗೆದುಕೊಂಡು ಎದ್ದ. ಕೈ ಎತ್ತಿದ. ಮೊಣಕೈ ನೆಟ್ಟಗೆ ನಿಂತಿತು, ಬಾಗಲಿಲ್ಲ. ಕಲ್ಲು ಅಟ್ಟಣೆಯ ಬುಡದಲ್ಲಿ ಬಿತ್ತು. ಇನ್ನೊಂದು ಸಲ ಬೇಕೆಂದೇ ಕೈ ಬಗ್ಗಿಸಿ ಎಸೆದ, ಅದು ಹಿಂದಕ್ಕೆ ಹೋಗಿ ಬಿತ್ತು. ಅನ್ನ ಕಲಸುವಾಗ ಬಾಗುವ ಕೈ, ಮಗು ಎತ್ತಿಕೊಳ್ಳುವಾಗ ಬಾಗುವ ಕೈ. ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಸಂಜೆ ದಬ್ಬೆ ಬಿಚ್ಚಿದಾಗ ಅವನು ಹೇಳುತ್ತಿದ್ದನಲ್ಲ, ಏನೂ ಗೊತ್ತಾಗಲ್ಲ ಎಂದು, ಹಾಗಿತ್ತು.

ಅವನು ಕೂತುಕೊಂಡ. ಸಿಟ್ಟಿನ ಗುರುತೇ ಅವನ ಮುಖದಲ್ಲಿರಲಿಲ್ಲ.

"ಅಣ್ಣಾ, ನೀನು ಬದೂ ಮೇಲೆ ಕೂತು ದಿನಾ ನೋಡ್ತಾ ಇದ್ದೆಯಲ್ಲ," ಎಂದ. "ಮೊದಲು ನನ್ ಕೈ ಎಂಗೆ ಓಗ್ತಿತ್ತು? ಒಸಿ ಸೊಲ್ಲು, ತೋರ್ಸು. ಅಂಗೇ ಮಾಡ್ತೀನಿ."

ನಾನು ಕಲ್ಲು ಕೈಗೆತ್ತಿಕೊಂಡು ಎದ್ದು ನಿಂತೆ. ಕಾಣದ ದೇಶದ, ಕಾಣದ ಬೌಲರುಗಳ ತಪ್ಪನ್ನು ಮೊಟ್ಟೆ ಸುತ್ತಿದ ಕಾಗದದಲ್ಲಿ ಓದಿ ಹೇಳುತ್ತಿದ್ದವನು. ಕೈಯನ್ನು ಕಿವಿಯ ತನಕ ತಂದೆ. ಅಲ್ಲಿಂದ ಮುಂದೆ ಅವನ ಮೊಣಕೈ ಒಳಕ್ಕೆ ಬರುತ್ತಿತ್ತೋ ಹೊರಕ್ಕೆ ಹೋಗುತ್ತಿತ್ತೋ, ಮಣಿಕಟ್ಟು ಯಾವಾಗ ತಿರುಗುತ್ತಿತ್ತೋ, ಯಾವ ಬೆರಳು ಕೊನೆಗೆ ಕಲ್ಲು ಬಿಡುತ್ತಿತ್ತೋ, ನನಗೆ ತಿಳಿಯಲಿಲ್ಲ. ಬದುವಿನ ಮೇಲೆ ಕೂತಷ್ಟು ದಿನವೂ ನಾನು ನೋಡಿದ್ದು ಹಾರುವ ಗಿಳಿಗಳನ್ನು. ಅವನ ಕೈಯನ್ನು ನಾನು ಕಣ್ಣಿಟ್ಟು ನೋಡಿದ್ದು ದಬ್ಬೆ ಕಟ್ಟುವಾಗ ಮಾತ್ರ.

ತಮ್ಮ ನನ್ನ ಎತ್ತಿದ ಕೈಯನ್ನೇ ನೋಡುತ್ತ ಕಾದ. ಸ್ವಲ್ಪ ಹೊತ್ತಾದ ಮೇಲೆ ಕೋಲು ತೆಗೆದುಕೊಂಡು ಡಬ್ಬ ಬಡಿಯತೊಡಗಿದ.